ಕೆಂಪು ನಕ್ಷೆ ಕೀಟ ಬರುವ ದಾರಿ ಹೇಳುವುದಿಲ್ಲ

ಮಾನ್ಯ ಸಂಪಾದಕರೇ,

ನೆಡುತೋಪಿನ ಮರಗಳಿಗೆ ಹೊರಗಿನಿಂದ ಬಂದು ಕಾಡುವ ಕೀಟಗಳ ಸುದ್ದಿಯ ಜೊತೆ ಈಚೆಗೆ ಬಣ್ಣದ ನಕ್ಷೆಯೊಂದೂ ಅಚ್ಚಾಗುತ್ತದೆ. ಕೆಂಪಿದ್ದಲ್ಲಿ ಅಪಾಯ, ಹಸಿರಿದ್ದಲ್ಲಿ ನಿರಾಳ ಎಂದು ಓದುಗರು ತಿಳಿಯುತ್ತಾರೆ. ಅಂಥ ನಕ್ಷೆಗಳಲ್ಲಿ ಹೆಚ್ಚಿನವು ಹೇಳುವುದು ಒಂದೇ ಮಾತು: ಕೀಟ ಈಗಾಗಲೇ ಬದುಕಿರುವ ಜಾಗಗಳ ಹವೆಗೂ ಇಲ್ಲಿನ ಹವೆಗೂ ಎಷ್ಟು ಹೋಲಿಕೆಯಿದೆ ಎಂಬುದು. ಅದು ಯಾವಾಗ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಬಂದ ಮೇಲೆ ಎಷ್ಟು ಮರ ಕೆಡಿಸುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಹವಾಮಾನದ ಅಂಕಿ-ಅಂಶ ಪುಕ್ಕಟೆ ಸಿಗುತ್ತದೆ, ಹಾಗಾಗಿ ಎಲ್ಲರೂ ಹವೆಯನ್ನೇ ಲೆಕ್ಕ ಹಾಕುತ್ತಾರೆ. ಕೀಟವನ್ನು ಹೊತ್ತು ತಿರುಗುವ ಸಸಿ, ದಿಮ್ಮಿ, ಪ್ಯಾಕಿಂಗ್ ಮರದ ಲೆಕ್ಕ ಸುಲಭಕ್ಕೆ ಸಿಗದು, ಹಾಗಾಗಿ ಅದು ನಕ್ಷೆಯಿಂದ ಹೊರಗುಳಿಯುತ್ತದೆ. ನಮ್ಮ ತಕರಾರು ಇದೇ.

ಪೈನ್ ಮರ ಕೊರೆಯುವ ಸೈರೆಕ್ಸ್ ನಾಕ್ಟಿಲಿಯೊ ಕಣಜವನ್ನೇ ನೋಡಿ. ಯುರೋಪು, ಉತ್ತರ ಆಫ್ರಿಕ, ಪಶ್ಚಿಮ ಏಷ್ಯಾ ಮೂಲದ ಈ ಕೀಟ 1900ರ ಸುಮಾರಿಗೆ ನ್ಯೂಜಿಲೆಂಡ್, 1952ರಲ್ಲಿ ಟಾಸ್ಮೇನಿಯಾ, 1961ರಲ್ಲಿ ಆಸ್ಟ್ರೇಲಿಯಾದ ಮುಖ್ಯ ಭೂಭಾಗ, 1980ರಲ್ಲಿ ಉರುಗ್ವೆ, 1994ರಲ್ಲಿ ದಕ್ಷಿಣ ಆಫ್ರಿಕ, 2004ರಲ್ಲಿ ಉತ್ತರ ಅಮೆರಿಕ ಎಂದು ಒಂದೊಂದೇ ಕಡೆ ಪತ್ತೆಯಾಯಿತು. ಹವೆ ಅಲ್ಲೆಲ್ಲ ಮೊದಲಿನಿಂದಲೂ ಅದಕ್ಕೆ ಒಗ್ಗುವಂಥದ್ದೇ. ಆದರೂ ಮೊದಲ ನೆಲೆಗೂ ಕೊನೆಯದಕ್ಕೂ ನಡುವೆ ನೂರು ವರ್ಷ ಕಳೆಯಿತು. ಯಾವ ಕಡೆಗೆ ಯಾವಾಗ ಎಂಬುದನ್ನು ತೀರ್ಮಾನಿಸಿದ್ದು ಮರದ ಸಾಗಣೆ. ನೀಲಗಿರಿ ಎಲೆಯಲ್ಲಿ ಗಂಟು ಕಟ್ಟುವ ಲೆಪ್ಟೊಸೈಬ್ ಇನ್ವೇಸಾ ಕಣಜದ್ದು ಇದಕ್ಕೆ ತದ್ವಿರುದ್ಧ ವೇಗ. ಅದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 2004ರಲ್ಲಿ. ಅಷ್ಟರೊಳಗೆ ಅದು ಮಧ್ಯಪ್ರಾಚ್ಯ ದಾಟಿ ಭಾರತಕ್ಕೂ ಪೂರ್ವ ಆಫ್ರಿಕಕ್ಕೂ ಬಂದಾಗಿತ್ತು. ಹೆಸರೇ ಇಲ್ಲದ ಕೀಟಕ್ಕೆ ಯಾರು ನಕ್ಷೆ ಬರೆಯುತ್ತಾರೆ?

ಹವೆಯ ಲೆಕ್ಕ ಬೇಡವೆನ್ನುತ್ತಿಲ್ಲ. ಅದನ್ನು ಮಾಡುವ ಕ್ರಮವೊಂದಿದೆ. ಕೀಟ ಬೆಳೆಯಲು ಒಂದು ಕನಿಷ್ಠ ಉಷ್ಣಾಂಶ ಬೇಕು, ಒಂದು ಪೀಳಿಗೆ ಮುಗಿಯಲು ಅದರ ಮೇಲಿನ ಶಾಖ ಇಂತಿಷ್ಟು ಒಟ್ಟಾಗಬೇಕು. ಇದನ್ನು ಡಿಗ್ರಿ-ದಿನ ಎನ್ನುತ್ತಾರೆ. ಉದಾಹರಣೆಗೆ ಕನಿಷ್ಠ ಮಿತಿ 12 ಡಿಗ್ರಿ ಸೆಲ್ಸಿಯಸ್, ಒಂದು ಪೀಳಿಗೆಗೆ 500 ಡಿಗ್ರಿ-ದಿನ ಎಂದಿಟ್ಟುಕೊಳ್ಳಿ. ದಿನದ ಗರಿಷ್ಠ 31, ಕನಿಷ್ಠ 19 ಇದ್ದರೆ ಸರಾಸರಿ 25. ಅದರಲ್ಲಿ 12 ಕಳೆದರೆ ಆ ದಿನದ ಗಳಿಕೆ 13. ಹವೆ ಹಾಗೆಯೇ ಇದ್ದರೆ ಸುಮಾರು 38 ದಿನಕ್ಕೊಂದು ಪೀಳಿಗೆ, ವರ್ಷಕ್ಕೆ ಒಂಬತ್ತು. ಗರಿಷ್ಠ 22, ಕನಿಷ್ಠ 10 ಇರುವ ತಂಪು ಜಾಗದಲ್ಲಿ ದಿನದ ಗಳಿಕೆ ಬರೀ 4. ಪೀಳಿಗೆಗೆ 125 ದಿನ, ವರ್ಷಕ್ಕೆ ಮೂರೂ ತುಂಬುವುದಿಲ್ಲ. ಎರಡೂ ಜಾಗ ನಕ್ಷೆಯಲ್ಲಿ ಒಂದೇ ಕೆಂಪಾಗಿದ್ದರೂ ಹಾವಳಿ ಒಂದೇ ಅಲ್ಲ.

ಈ ಸರಳ ಸರಾಸರಿ ಎಡವುವ ಜಾಗವೂ ಗೊತ್ತಿರಬೇಕು. ಗರಿಷ್ಠ 20, ಕನಿಷ್ಠ 2 ಇದ್ದ ದಿನ ಸರಾಸರಿ 11, ಲೆಕ್ಕದಲ್ಲಿ ಗಳಿಕೆ ಸೊನ್ನೆ. ಆದರೆ ಮಧ್ಯಾಹ್ನದ ಹಲವು ಗಂಟೆ ಉಷ್ಣಾಂಶ 12ರ ಮೇಲಿತ್ತು, ಕೀಟ ಬೆಳೆಯಿತು. ಚಳಿ ಪ್ರದೇಶಗಳಿಗೆ ಗಂಟೆವಾರು ಉಷ್ಣಾಂಶ ತೆಗೆದುಕೊಳ್ಳಬೇಕು, ಇಲ್ಲವೇ ದಿನದ ಏರಿಳಿತವನ್ನು ಸೈನ್ ರೇಖೆಯಾಗಿ ಎಳೆದು ಮಿತಿಯ ಮೇಲಿನ ಭಾಗವನ್ನಷ್ಟೇ ಎಣಿಸಬೇಕು. ಬಿರುಬಿಸಿಲಿನ ಕಡೆ ಮೇಲ್ಮಿತಿಯೂ ಬೇಕು, ತೀರಾ ಸೆಕೆಯಲ್ಲಿ ಬೆಳವಣಿಗೆ ನಿಂತುಹೋಗುತ್ತದೆ. ತೊಗಟೆಯೊಳಗಿನ ಮರಿಹುಳುವಿಗೆ ತಗಲುವ ಶಾಖ ಹವಾಮಾನ ಕೇಂದ್ರದ ಪೆಟ್ಟಿಗೆಯೊಳಗಿನ ಶಾಖವಲ್ಲ ಎಂಬುದು ಇನ್ನೊಂದು.

ಮ್ಯಾಕ್ಸೆಂಟ್‌ನಂಥ ತಂತ್ರಾಂಶಕ್ಕೆ ಕೀಟ ಸಿಕ್ಕ ಜಾಗಗಳ ಪಟ್ಟಿ ಕೊಟ್ಟರೆ ಅದು ನಕ್ಷೆ ಕೊಡುತ್ತದೆ. ಪಟ್ಟಿಯ ಜಾಗಗಳೋ ರಸ್ತೆಬದಿ, ನಗರದಂಚು, ಸಂಶೋಧನಾ ಕೇಂದ್ರದ ಸುತ್ತಮುತ್ತ ಗುಂಪಾಗಿರುತ್ತವೆ. ಹುಡುಕುವವರು ಓಡಾಡಿದ ಜಾಗವನ್ನೇ ತಂತ್ರಾಂಶ ಕೀಟಕ್ಕೆ ಒಗ್ಗುವ ಜಾಗ ಎಂದುಕೊಳ್ಳುತ್ತದೆ. ಪರಿಹಾರ ಕಷ್ಟದ್ದಲ್ಲ: 10 ಕಿ.ಮೀ. ಚೌಕಕ್ಕೆ ಒಂದೇ ದಾಖಲೆ ಉಳಿಸಿಕೊಳ್ಳುವುದು, ಕೀಟ ಸಿಕ್ಕ ಜಾಗಗಳ ಜೊತೆ ತಂತ್ರಾಂಶ ಹೋಲಿಸಿ ನೋಡುವ ಬೇರೆ ಬಿಂದುಗಳನ್ನು ಅಂಥದೇ ಕೀಟಗಳಿಗಾಗಿ ನಿಜವಾಗಿ ಹುಡುಕಾಟ ನಡೆದ ಪ್ರದೇಶದಿಂದ ಮಾತ್ರ ಆರಿಸುವುದು. ಮರುಭೂಮಿ, ಹಿಮಪ್ರದೇಶಗಳನ್ನೂ ಹೋಲಿಕೆಗೆ ಸೇರಿಸಿದರೆ ಮಾದರಿ ಎಷ್ಟು ಸರಿ ಎಂದು ತೋರಿಸುವ ಅಂಕ (ಗರಿಷ್ಠ 1) 0.9 ದಾಟಿ ಬೀಗುತ್ತದೆ. ಹಿಮದಲ್ಲಿ ನೀಲಗಿರಿ ಕೀಟ ಬದುಕದು ಎಂದು ಹೇಳಲು ಕಂಪ್ಯೂಟರ್ ಏಕೆ ಬೇಕು? ಬಳಕೆಯಲ್ಲಿರುವ ಜಾಗತಿಕ ಹವಾಗುಣ ಕಡತಗಳಲ್ಲಿ ಒಂದಾದ ವರ್ಲ್ಡ್‌ಕ್ಲಿಮ್‌ನ ಎರಡನೇ ಆವೃತ್ತಿ 1970ರಿಂದ 2000ದವರೆಗಿನ ಸರಾಸರಿ. ಕೀಟ ಬದುಕುವುದು ಈ ವರ್ಷದ ಹವೆಯಲ್ಲಿ. ಮೇಲಾಗಿ ಒಣ ಪ್ರದೇಶವೆಂದು ಹಸಿರು ಬಳಿದ ಕಡೆಯೂ ನರ್ಸರಿಯೊಳಗೆ ದಿನಾ ನೀರು, ವರ್ಷವಿಡೀ ಚಿಗುರು. ಕೀಟಕ್ಕೆ ಅಷ್ಟು ಸಾಕು.

ಗುರುತು ತಪ್ಪಿದರೆ ಇಷ್ಟೂ ವ್ಯರ್ಥ. ನೀಲಗಿರಿ ಎಲೆ ತಿನ್ನುವ ಗೊನಿಪ್ಟೆರಸ್ ಮೂತಿಹುಳುವನ್ನು ದಶಕಗಳ ಕಾಲ ಹಲವು ದೇಶಗಳಲ್ಲಿ ಒಂದೇ ಪ್ರಭೇದದ ಹೆಸರಿನಿಂದ ಕರೆದರು. ಅದು ನೋಡಲು ಒಂದೇ ತೆರನಾದ ಹಲವು ಪ್ರಭೇದಗಳ ಗುಂಪು ಎಂದು 2012ರಲ್ಲಿ ಸ್ಪಷ್ಟವಾಯಿತು. ಬೇರೆ ಬೇರೆ ಪ್ರಭೇದಗಳ ಜಾಗಗಳನ್ನು ಒಟ್ಟು ಹಾಕಿ ಬರೆದ ಹವೆಯ ನಕ್ಷೆ ಯಾವ ಒಂದಕ್ಕೂ ಹೊಂದುವುದಿಲ್ಲ. ಆದ್ದರಿಂದ ಪ್ರತಿ ಹೊಸ ಜಾಗದಿಂದ ಕೆಲವು ಕೀಟಗಳನ್ನಾದರೂ ಶೇ 95ರ ಆಲ್ಕೊಹಾಲ್‌ನಲ್ಲಿ ಇಟ್ಟು ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ಫಾರ್ಮಾಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ಕೆಡುತ್ತದೆ.

ಇನ್ನು ಹರಡುವಿಕೆ. ಹಳೆಯ ಸೂತ್ರದ ಪ್ರಕಾರ ಕೀಟದ ಸಂಖ್ಯೆ ಬೆಳೆಯುವ ದರವನ್ನೂ ಹಾರಾಟದಿಂದ ಚದುರುವ ಪ್ರಮಾಣವನ್ನೂ ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಹಾವಳಿಯ ಅಂಚು ಮುಂದೆ ಸರಿಯುವ ವೇಗ ಸಿಗುತ್ತದೆ. ದರ ವರ್ಷಕ್ಕೆ 4, ಚದುರುವಿಕೆ ವರ್ಷಕ್ಕೆ 25 ಚದರ ಕಿ.ಮೀ. ಎಂದು ಹಿಡಿದರೆ ವೇಗ ವರ್ಷಕ್ಕೆ 20 ಕಿ.ಮೀ. ಸಸಿ ತುಂಬಿದ ಲಾರಿ ಒಂದೇ ರಾತ್ರಿ 400 ಕಿ.ಮೀ. ಹೋದರೆ ರೆಕ್ಕೆಯ ಲೆಕ್ಕದಲ್ಲಿ ಇಪ್ಪತ್ತು ವರ್ಷದ ದಾರಿ ಮುಗಿಯಿತು. ಆಮೇಲೆ ಆ ಹೊಸ ಜಾಗದಿಂದಲೂ ಸುತ್ತ 20 ಕಿ.ಮೀ. ಲೆಕ್ಕ ಶುರು. ಸೂತ್ರ ತಪ್ಪಲ್ಲ, ಅದಕ್ಕೆ ಲಾರಿ ಗೊತ್ತಿಲ್ಲ.

ಲಾರಿಯಲ್ಲಿ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಸಾವಿರ ಸಸಿಗೆ ಒಂದರಲ್ಲಿ ಮಾತ್ರ ಕೀಟದ ಮೊಟ್ಟೆ ಇದೆ ಎನ್ನಿ. 5,000 ಸಸಿಗಳ ಲೋಡಿನಲ್ಲಿ ಒಂದಾದರೂ ಸೋಂಕಿನ ಸಸಿ ಇರುವ ಸಾಧ್ಯತೆ ಶೇ 99ಕ್ಕೂ ಹೆಚ್ಚು. ತಪಾಸಣೆಯವರು ಅದರಲ್ಲಿ 100 ಸಸಿ ತೆಗೆದು ನೋಡಿದರೆ ಸಿಕ್ಕಿಬೀಳುವ ಸಾಧ್ಯತೆ ಶೇ 10ರೊಳಗೆ. ಅದೂ ಕಣ್ಣಿಗೆ ಕಂಡರೆ. ಸುಮಾರು ಒಂದು ಮಿ.ಮೀ. ಉದ್ದದ ಗಂಟುಕಣಜ ಎಲೆಯ ನಡುನರದೊಳಗೆ, ತೊಟ್ಟಿನೊಳಗೆ ಮೊಟ್ಟೆ ಇಡುತ್ತದೆ. ಗಂಟು ಉಬ್ಬುವವರೆಗೆ ಸಸಿ ಆರೋಗ್ಯವಾಗಿಯೇ ಕಾಣುತ್ತದೆ. ಆದ್ದರಿಂದ ಲೋಡು ಬಂದ ದಿನದ ತಪಾಸಣೆಗಿಂತ, ಬಂದ ಸಸಿಗಳನ್ನು ಮೂರ್ನಾಲ್ಕು ವಾರ ಬಲೆಮನೆಯಲ್ಲಿ ಬೇರೆಯಾಗಿಟ್ಟು ಮತ್ತೆ ನೋಡುವುದು ಹೆಚ್ಚು ಫಲಕಾರಿ. ಬಲೆಯ ಕಣ್ಣು ಮಾತ್ರ ಕಣಜ ನುಸುಳದಷ್ಟು ಸಣ್ಣದಿರಬೇಕು. ಈ ಕಣಜದ ಹೆಣ್ಣು ಗಂಡಿಲ್ಲದೆಯೇ ಮರಿ ಮಾಡಬಲ್ಲದು. ಒಂದೇ ಒಂದು ತಪ್ಪಿಸಿಕೊಂಡರೂ ನೆಲೆಯೂರಬಹುದು. ಜೋಡಿ ಹುಡುಕಲೇಬೇಕಾದ ಕೀಟಗಳು ಇಷ್ಟು ಸುಲಭವಾಗಿ ನೆಲೆಯೂರವು. ಒಂದೇ ಹವೆ, ಒಂದೇ ಮರ ಇದ್ದರೂ ಎರಡು ಕೀಟಗಳ ಭವಿಷ್ಯ ಬೇರೆಯಾಗಲು ಇದೊಂದು ಕಾರಣ.

ಪ್ಯಾಕಿಂಗ್ ಮರಕ್ಕೆ ಅಂತರರಾಷ್ಟ್ರೀಯ ನಿಯಮವಿದೆ: ತಿರುಳಿನವರೆಗೂ 56 ಡಿಗ್ರಿ ಶಾಖ ಕನಿಷ್ಠ 30 ನಿಮಿಷ ತಗಲಬೇಕು ಎಂಬುದು ಅದರಲ್ಲಿ ಒಂದು ವಿಧಾನ. ಸಸಿಗೂ ದಿಮ್ಮಿಗೂ ಆ ನಿಯಮ ಅನ್ವಯಿಸುವುದಿಲ್ಲ.

ಪತ್ತೆಯಾದ ವರ್ಷವನ್ನು ಬಂದ ವರ್ಷವೆಂದು ಎಣಿಸುವುದು ಮತ್ತೊಂದು ಸಾಮಾನ್ಯ ತಪ್ಪು. ಆ್ಯಶ್ ಮರ ಕೊರೆಯುವ ಹಸಿರು ದುಂಬಿ ಅಮೆರಿಕದ ಡೆಟ್ರಾಯಿಟ್ ಬಳಿ ಕಂಡುಬಂದಿದ್ದು 2002ರಲ್ಲಿ. ಸತ್ತ ಮರಗಳ ಉಂಗುರ ಎಣಿಸಿದಾಗ ಅದು 1990ರ ದಶಕದಲ್ಲೇ ಬಂದಿತ್ತೆಂದು ತಿಳಿಯಿತು. ಸುದ್ದಿ ಬಂದೊಡನೆ ಎಲ್ಲರೂ ಹುಡುಕಲು ಹೊರಡುತ್ತಾರೆ, ಎಲ್ಲೆಡೆ ಸಿಗುತ್ತದೆ, ಕೀಟ ನಾಗಾಲೋಟದಲ್ಲಿ ಹರಡಿತೆಂದು ವರದಿಯಾಗುತ್ತದೆ. ಹರಡಿದ್ದು ಎಷ್ಟೋ ಸಲ ಹುಡುಕುವವರು. ‘ಹುಡುಕಿದೆವು, ಸಿಗಲಿಲ್ಲ’ ಎಂಬ ದಾಖಲೆ ಇದ್ದರೆ ಮಾತ್ರ ನಿಜವಾದ ವೇಗ ತಿಳಿಯುತ್ತದೆ, ಆ ಮಾತಿಗೂ ಅಳತೆ ಬೇಕು. ನೂರಕ್ಕೊಂದು ಮರಕ್ಕೆ ಸೋಂಕಿದ್ದರೆ ಅದನ್ನು ಶೇ 95ರ ಭರವಸೆಯಿಂದ ಹಿಡಿಯಲು ಸುಮಾರು 300 ಮರ ನೋಡಬೇಕು. ಸೋಂಕಿನ ಮರ ಎದುರಿಗಿದ್ದೂ ಎರಡರಲ್ಲಿ ಒಂದು ಸಲ ಕಣ್ತಪ್ಪುವುದಾದರೆ 600. ಇಪ್ಪತ್ತು ಮರ ನೋಡಿ ‘ಇಲ್ಲ’ ಎಂದು ಬರೆದರೆ ಅದು ದಾಖಲೆಯಲ್ಲ.

ಹಾನಿಯ ಭವಿಷ್ಯವಂತೂ ಬರೀ ಕೀಟದ ಕೈಯಲ್ಲಿಲ್ಲ. ಆಸ್ಟ್ರೇಲಿಯಾದ ಗ್ರೀನ್ ಟ್ರಯಾಂಗಲ್ ಪ್ರದೇಶದಲ್ಲಿ 1987ರಿಂದ 1989ರ ನಡುವೆ ಸೈರೆಕ್ಸ್ 50 ಲಕ್ಷಕ್ಕೂ ಹೆಚ್ಚು ಪೈನ್ ಮರಗಳನ್ನು ಕೊಂದಿತು. ಒತ್ತಾಗಿ ಬೆಳೆದ ತೋಪುಗಳನ್ನು ಹೊತ್ತಿಗೆ ಸರಿಯಾಗಿ ತೆಳುಗೊಳಿಸಿರಲಿಲ್ಲ. ಹತೋಟಿಗೆಂದು ತೋಪಿಗೆ ಬಿಡುತ್ತಿದ್ದ, ಹೆಣ್ಣು ಕಣಜವನ್ನು ಬಂಜೆ ಮಾಡುವ ನೆಮಟೋಡ್ ಎಂಬ ಸೂಕ್ಷ್ಮ ಹುಳು, ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬರೀ ಶಿಲೀಂಧ್ರದ ಮೇಲೆ ಬೆಳೆದು ಕಣಜಕ್ಕೆ ಸೋಂಕುವ ಶಕ್ತಿ ಕಳೆದುಕೊಂಡಿತ್ತು. ಯಾವ ಹವಾಗುಣ ನಕ್ಷೆಯಲ್ಲೂ ಇವೆರಡಕ್ಕೆ ಬಣ್ಣವಿಲ್ಲ.

ಹೀಗಾಗಿ ಇಂಥ ನಕ್ಷೆ ಅಚ್ಚು ಹಾಕುವಾಗ ಅದರಡಿ ಕೆಲವು ಸಾಲು ಸೇರಿಸಬೇಕೆಂದು ಪತ್ರಿಕೆಯನ್ನು ಕೋರುತ್ತೇವೆ: ಎಷ್ಟು ದಾಖಲೆಗಳಿಂದ ಬರೆದದ್ದು, ಯಾವ ವರ್ಷಗಳ ಹವೆ, ಸಾಗಣೆಯನ್ನು ಲೆಕ್ಕಕ್ಕೆ ಹಿಡಿದಿದೆಯೇ, ಇದೇ ತಂಡದ ಹಿಂದಿನ ಮುನ್ಸೂಚನೆ ಎಷ್ಟರಮಟ್ಟಿಗೆ ನಿಜವಾಯಿತು. ನೆಡುತೋಪು ಇಲಾಖೆಗಳಿಗೂ ಖಾಸಗಿ ನರ್ಸರಿಗಳಿಗೂ ನಮ್ಮ ಕೋರಿಕೆ ಇನ್ನೂ ಚಿಕ್ಕದು. ಪ್ರತಿ ಲೋಡಿಗೂ ದಿನಾಂಕ, ತಳಿ, ಸಸಿಗಳ ಸಂಖ್ಯೆ, ಹೊರಟ ನರ್ಸರಿ, ನೆಟ್ಟ ಜಾಗ ಎಂಬ ಐದು ಕಾಲಂ ತುಂಬಿ ಮುನ್ಸೂಚನೆ ಮಾಡುವವರಿಗೆ ಕೊಡಿ. ಮೊದಲ ನಾಲ್ಕು ಸಾಮಾನ್ಯವಾಗಿ ಚಲನ್‌ನಲ್ಲೇ ಇರುತ್ತವೆ. ಐದನೆಯದಕ್ಕೆ ಖರೀದಿದಾರರ ಕಚೇರಿ ವಿಳಾಸ ಬರೆದರೆ ಪ್ರಯೋಜನವಿಲ್ಲ, ಸಸಿ ನೆಟ್ಟ ತಾಕಿನ ಅಕ್ಷಾಂಶ-ರೇಖಾಂಶವೇ ಬೇಕು. ಅದನ್ನು ನೆಡುವ ದಿನ ಫೋನಿನಲ್ಲೇ ಗುರುತಿಸಿಕೊಳ್ಳಬಹುದು.

– ಅರಣ್ಯ ಕೀಟಗಳ ಅಧ್ಯಯನದಲ್ಲಿ ತೊಡಗಿರುವ ಓದುಗರು