ನಾಯಿಮರಿಯ ಗುಟ್ಟಿಗೂ ವಿಜ್ಞಾನ ಬೇಕು

ಮಾನ್ಯರೇ,

ಮಕ್ಕಳ ವೈಜ್ಞಾನಿಕ ಸಾಹಸ ಕಥೆಗಳಲ್ಲಿ ಸಾಕುನಾಯಿಯ ಕತ್ತಿನಲ್ಲೊಂದು ರಹಸ್ಯ ಚಿಪ್ ಇರುವುದುಂಟು. ಕಳ್ಳರು ನಾಯಿಯನ್ನು ಹೊತ್ತೊಯ್ದರೆ ಮೊಬೈಲಿನಲ್ಲಿ ಅದರ ಜಾಗ ಮಿನುಗುತ್ತದೆ. ಪಶುವೈದ್ಯರು ಹಾಕುವ ಚಿಪ್ ಹಾಗೆ ಕೆಲಸ ಮಾಡುವುದಿಲ್ಲ. ಅದು ಅಕ್ಕಿಕಾಳಿನಂಥ ಗಾಜಿನ ಕೊಳವೆ, ಉದ್ದ ಸುಮಾರು 12 ಮಿ.ಮೀ. ಒಳಗೆ ತಂತಿಸುರುಳಿ, 15 ಅಂಕಿಯ ಸಂಖ್ಯೆ. ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಚಿಪ್ ಓದುವ ಸಾಧನವಾದ ರೀಡರನ್ನು ಹತ್ತಿರ ಹಿಡಿದಾಗ ಅದರ 134.2 ಕಿಲೋಹರ್ಟ್ಸ್ ಅಲೆಯಿಂದಲೇ ಶಕ್ತಿ ಪಡೆದು ಸಂಖ್ಯೆ ತಿಳಿಸುತ್ತದೆ. ಒಮ್ಮೊಮ್ಮೆ ಚಿಪ್ ಚರ್ಮದಡಿ ಜರುಗಿ ಕಾಲಿನತ್ತ ಇಳಿದಿರುತ್ತದೆ. ಭುಜಗಳ ನಡುವೆ ಮಾತ್ರ ಹುಡುಕಿದವರಿಗೆ ಸಿಗುವುದಿಲ್ಲ. ಕಥೆಗೆ ಇದಕ್ಕಿಂತ ಒಳ್ಳೆಯ ತಿರುವು ಬೇಕೆ?

ನಡೆದ ಸಂಗತಿಯೂ ಒಂದಿದೆ. 1960ರ ದಶಕದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆಕ್ಕೊಂದರ ಕಿವಿಯೊಳಗೆ ಮೈಕ್, ತಲೆಬುರುಡೆಯ ಬುಡದಲ್ಲಿ ಟ್ರಾನ್ಸ್‌ಮಿಟರ್, ತುಪ್ಪಳದಲ್ಲಿ ಏರಿಯಲ್ ತಂತಿ ಕೂರಿಸಿ ಗೂಢಚಾರನನ್ನಾಗಿಸಲು ಹೊರಟಿತ್ತು. ಹಸಿವಾದರೆ ಬೆಕ್ಕು ತನ್ನ ದಾರಿ ಹಿಡಿಯುತ್ತಿತ್ತು. 1967ರಲ್ಲಿ ಯೋಜನೆ ನಿಂತಿತು. ಆ ಮೂಕಜೀವಕ್ಕೆ ಕೊಟ್ಟ ನೋವನ್ನೂ ಮಕ್ಕಳಿಗೆ ಮುಚ್ಚಿಡಬಾರದು.

ಇಂಥ ಕಥೆಗಳಲ್ಲಿ ನಾಯಿ ಕೆಂಪು ಗುಂಡಿ ಒತ್ತಿ ಬಾಹ್ಯಾಕಾಶ ನೌಕೆ ಹಾರಿಸುವ ದೃಶ್ಯವೂ ಬದಲಾಗಲಿ. ನಾಯಿಗೆ ಕೆಂಪು, ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯದು; ನೀಲಿ, ಹಳದಿ ತಿಳಿಯುತ್ತವೆ. ಅದರ ಕಿವಿಯಂತೂ ಸುಮಾರು 45 ಕಿಲೋಹರ್ಟ್ಸ್‌ವರೆಗೆ ಕೇಳಬಲ್ಲದು, ನಮ್ಮದು 20ಕ್ಕೇ ನಿಲ್ಲುತ್ತದೆ. ಯಂತ್ರವನ್ನೇ ತುರುಕದೆ ಗುಟ್ಟನ್ನು ಈ ಕಿವಿಯಲ್ಲೇ ಇಡಬಹುದು.

ಪುರವಣಿಯ ಸಂಪಾದಕರು ಇಂಥ ಕಥೆಗಳನ್ನು ಅಚ್ಚಿಗೆ ಮೊದಲು ಪಶುವೈದ್ಯರೊಬ್ಬರಿಗೆ ತೋರಿಸಬೇಕೆಂದು ಕೋರುತ್ತೇವೆ.

– ಮಕ್ಕಳ ಕಥೆಗಳ ಓದುಗರು, ಧಾರವಾಡ