ಬೇಲಿಯಿಲ್ಲದ ಬಿಡಾರದಿಂದ ಮಗಳಿಗೆ

ಪ್ರೀತಿಯ ಪುಟ್ಟಿ,

ಆಫ್ರಿಕಾದ ಜಾಂಬಿಯಾ ದೇಶದ ಈ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ‘ಸುತ್ತ ಬೇಲಿಯೇ ಇಲ್ಲವಂತೆ, ಬರೀ ಟೆಂಟಿನಲ್ಲಿ ಹ್ಯಾಗ ಮಲಗ್ತೀಯವ್ವಾ?’ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ ಕೇಳು.

ಮೊದಲ ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ತಲೆದಿಂಬಿನ ಪಕ್ಕದಲ್ಲೇ ಎನ್ನುವ ಹಾಗೆ ಪರ್ ಪರ್ ಎಂದು ಹುಲ್ಲು ಕೀಳುವ ಸದ್ದು, ನಡುನಡುವೆ ಒಂದು ದೊಡ್ಡ ಉಸಿರು. ನೀರಾನೆ! ಹಗಲೆಲ್ಲ ಲುವಾಂಗ್ವಾ ನದಿಯಲ್ಲಿ ಮುಳುಗಿರುವ ಇವು ಕತ್ತಲಾದ ಮೇಲೆ ದಂಡೆ ಹತ್ತಿ ಮೇಯಲು ಬರುತ್ತವೆ. ಕಣ್ಣು ಮುಚ್ಚಿ ಕೇಳಿದರೆ ನಮ್ಮ ಕೊಟ್ಟಿಗೆಯ ಎಮ್ಮೆ ಮೇವು ತಿಂದ ಹಾಗೆಯೇ. ಯಾವ ಸದ್ದು ಯಾರದ್ದು ಎಂದು ತಿಳಿಯುತ್ತ ಹೋದಂತೆ ಹೆದರಿಕೆ ಅರ್ಧ ಇಳಿಯಿತು. ಉಳಿದರ್ಧ ಬೇಕು. ಕತ್ತಲಾದ ಮೇಲೆ ಕಾವಲಿನವರು ಟಾರ್ಚ್ ಹಿಡಿದು ಜೊತೆಗೆ ಬಾರದೆ ನಾವು ಊಟಕ್ಕೂ ಹೋಗುವಂತಿಲ್ಲ.

ಊಟದ ಮೇಜು ಇರುವುದು ಹುಣಸೆ ಮರದ ಕೆಳಗೆ. ನಾವು ನಮ್ಮದೇ ಅಂದುಕೊಂಡಿರುವ ಹುಣಸೆಯ ಮೂಲ ಆಫ್ರಿಕಾ, ಗೊತ್ತಾ?

ಬೆಳಿಗ್ಗೆ ನಡಿಗೆ. ಮುಂದೆ ಬಂದೂಕು ಹಿಡಿದ ಸ್ಕೌಟ್, ಹಿಂದೆ ಗೈಡ್, ಅವರ ಬೆನ್ನಿಗೆ ನಾವೆಲ್ಲ ಒಬ್ಬರ ಹಿಂದೊಬ್ಬರು, ಮಾತಿಲ್ಲದೆ. ನೆಲ ನೋಡಿ ಬೆರಗಾದೆ. ಅಜ್ಜನ ಹೊಲದಂಥದೇ ಎರೆಮಣ್ಣು! ಮಳೆಗಾಲದಲ್ಲಿ ಆನೆ ಕಾಲಿಟ್ಟು ಹೋದ ಗುಂಡಿಗಳು ಒಣಗಿ ಕಲ್ಲಿನಂತಾಗಿವೆ, ಎಚ್ಚರ ತಪ್ಪಿದರೆ ಕಾಲು ಉಳುಕುವುದು ಖಂಡಿತ. ನವೆಂಬರಿನಲ್ಲಿ ಮಳೆ ಹಿಡಿದರೆ ಈ ಮಣ್ಣಿನ ದಾರಿಯಲ್ಲಿ ಜೀಪು ಹೋಗುವುದಿಲ್ಲ. ಅದಕ್ಕೇ ಬಿಡಾರವನ್ನೇ ಬಿಚ್ಚಿಡುತ್ತಾರೆ, ಮಳೆ ಮುಗಿದ ಮೇಲೆ ಮತ್ತೆ ಕಟ್ಟುತ್ತಾರೆ.

ಆನೆಗಳ ವಿಷಯ ನಿನಗೆ ಹೇಳಲೇಬೇಕು. ನಮ್ಮ ನಾಗರಹೊಳೆಯ ಹೆಣ್ಣಾನೆಗಳಿಗೆ ಉದ್ದನೆಯ ದಂತವಿಲ್ಲ, ಆದರೆ ಆಫ್ರಿಕಾದಲ್ಲಿ ಸಾಮಾನ್ಯವಾಗಿ ಹೆಣ್ಣಿಗೂ ಇರುತ್ತದೆ. ನಿನ್ನೆ ನದಿ ದಾಟಿದ ಹಿಂಡಿನಲ್ಲಿ ಮುಂದಿದ್ದ ಮುದಿ ಹೆಣ್ಣಿಗೆ ದಂತವೇ ಇರಲಿಲ್ಲ. 1969ರಲ್ಲಿ ಈ ಕಣಿವೆಯ ಹೆಣ್ಣಾನೆಗಳಲ್ಲಿ ನೂರಕ್ಕೆ ಸುಮಾರು 10ಕ್ಕೆ ದಂತವಿರಲಿಲ್ಲ. 1989ರ ಹೊತ್ತಿಗೆ ಅದು 38ಕ್ಕೆ ಏರಿತ್ತು. ಬೇಟೆಗಾರರು ದಂತವಿದ್ದವನ್ನು ಕೊಂದರು, ಇಲ್ಲದವು ಉಳಿದು ಮರಿ ಹಾಕಿದವು. ಆ ಮುದಿ ಹೆಣ್ಣಾನೆ ಮರಿಯನ್ನು ಸೊಂಡಿಲಿನಿಂದ ದಂಡೆಗೆ ತಳ್ಳುತ್ತಿದ್ದುದನ್ನು ನೋಡುತ್ತ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಹೆಮ್ಮೆಯೂ ಆಯಿತು.

ಈ ಕಾಡು ತಾನಾಗಿ ಉಳಿದದ್ದಲ್ಲ, ಪುಟ್ಟಿ. 1950ರ ಸುಮಾರಿಗೆ ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿಯ ಮಾತಿಗೆ ಇಲ್ಲಿನ ಕುಂಡಾ ಜನರ ಮುಖಂಡ ನ್ಸೆಫು ಒಪ್ಪಿ ತಮ್ಮ ನೆಲದ ಒಂದು ಭಾಗವನ್ನು ಪ್ರಾಣಿಗಳಿಗೆ ಬಿಟ್ಟರು. ನೋಡಲು ಬಂದವರು ಕೊಟ್ಟ ಹಣ ಊರಿನವರಿಗೆ ಸಿಗಬೇಕು ಎಂಬುದು ಆಗಲೇ ಆದ ಮಾತು. 1972ರಲ್ಲಿ ಈ ಕಾಡು ಸೌತ್ ಲುವಾಂಗ್ವಾ ರಾಷ್ಟ್ರೀಯ ಉದ್ಯಾನವಾಯಿತು. ನನಗೆ ಇಲ್ಲಿನ ಸಿಂಹಕ್ಕಿಂತ ಈ ಕಥೆಯೇ ದೊಡ್ಡದು.

ಮುಂದಿನ ಸಲ ನಿನ್ನನ್ನೂ ಕರೆತರುತ್ತೇನೆ. ಸೆಪ್ಟೆಂಬರಿನಲ್ಲಿ ಬಂದರೆ ನದಿದಂಡೆಯ ಮಣ್ಣುಗೋಡೆಯಲ್ಲಿ ಬಿಲ ಕೊರೆದು ಗೂಡು ಮಾಡುವ ಕೆಂಪು ಕಳ್ಳಿಪೀರ ಹಕ್ಕಿಗಳನ್ನು ನೋಡಬಹುದು, ನೂರಾರು ಒಟ್ಟಿಗೇ ಏಳುತ್ತವೆ. ಮಲೇರಿಯಾ ಮಾತ್ರೆ ತಪ್ಪಿಸುವಂತಿಲ್ಲ. ನಿನ್ನ ನೀಲಿ ಜೀನ್ಸ್ ಮನೆಯಲ್ಲೇ ಇರಲಿ. ನೀಲಿ, ಕಪ್ಪು ಬಣ್ಣ ಕಂಡರೆ ಸೆಟ್ಸಿ ನೊಣ ಮುತ್ತುತ್ತವೆ, ಬಟ್ಟೆಯ ಮೇಲಿಂದಲೇ ಕಚ್ಚುತ್ತವೆ.

ಅಜ್ಜನಿಗೆ ಮಂಡಿನೋವಿನ ಎಣ್ಣೆ ಹಚ್ಚು, ಮರೀಬೇಡ.

ನಿನ್ನ,
ಅವ್ವ