ಛಾಯಾಗ್ರಹಣ ಪ್ರವಾಸ: ಬ್ಯಾಗು ತುಂಬುವ ಮೊದಲು ಊರು ಮತ್ತು ಋತು ನೋಡಬೇಕು

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯಿತೆಂದರೆ ಶುಕ್ರವಾರ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಚಿಕ್ಕಮಗಳೂರು, ಶಿವಮೊಗ್ಗ, ಸಾಗರದ ಕಡೆ ಹೊರಡುವ ಬಸ್ಸುಗಳಲ್ಲಿ ದೊಡ್ಡ ಕ್ಯಾಮೆರಾ ಬ್ಯಾಗು ಹೊತ್ತ ಯುವಕ ಯುವತಿಯರು ಹೆಚ್ಚುತ್ತಾರೆ. ನಿಸರ್ಗದ ಚಿತ್ರ ತೆಗೆಯುವ ಹವ್ಯಾಸ ಇಷ್ಟು ಜನರಲ್ಲಿ ಬೆಳೆದಿರುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಆದರೆ ಏನನ್ನು ಒಯ್ಯಬೇಕು ಎಂಬ ಸಲಹೆ ಅವರಿಗೆ ಬಹುಮಟ್ಟಿಗೆ ಅಂಗಡಿಗಳಿಂದ ಮತ್ತು ಜಾಹೀರಾತಿನಂತಹ ವಿಡಿಯೊಗಳಿಂದ ಸಿಗುತ್ತಿದ್ದು, ಹೋಗುವ ಜಾಗ, ಅಲ್ಲಿನ ಋತು ಮತ್ತು ನಡೆಯಬೇಕಾದ ದೂರ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಈ ಕೊರತೆಯನ್ನು ತಮ್ಮ ಪತ್ರಿಕೆಯ ಪ್ರವಾಸ ಪುಟ ತುಂಬಬಹುದೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮೊದಲು ಭಾರದ ವಿಷಯ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಆ ಕಿಂಡಿ ದೊಡ್ಡದು. ಎಫ್ 2.8 ಅಪರ್ಚರ್‌ನ, ದೂರದ್ದನ್ನು ಹತ್ತಿರಕ್ಕೆ ತರುವ 70–200 ಮಿ.ಮೀ. ಜೂಮ್ ಲೆನ್ಸ್ ಸುಮಾರು ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಅದೇ ಅಳತೆಯ ಎಫ್ 4 ಲೆನ್ಸ್ ಅದಕ್ಕಿಂತ ಎಷ್ಟೋ ಹಗುರ, ಬೆಲೆಯೂ ಕಡಿಮೆ. ಬೆಟ್ಟ, ಕಣಿವೆ, ಜಲಪಾತಗಳನ್ನು ಮುಂದಿನ ಕಲ್ಲಿನಿಂದ ಹಿಂದಿನ ದಿಗಂತದವರೆಗೆ ಸ್ಪಷ್ಟವಾಗಿ ಮೂಡಿಸಲು ನಾವು ಸಾಮಾನ್ಯವಾಗಿ ಬಳಸುವುದು ಎಫ್ 8ರಿಂದ ಎಫ್ 11ರವರೆಗಿನ ಅಪರ್ಚರ್ ಆಗಿರುವಾಗ, ಎಂದೂ ತೆರೆಯದ ಎಫ್ 2.8ಕ್ಕಾಗಿ ಹಣ ಕೊಟ್ಟು, ಮುಳ್ಳಯ್ಯನಗಿರಿಯ ಏರಿನಲ್ಲಿ ಅದನ್ನು ಬೆನ್ನ ಮೇಲೆ ಹೊರುವುದರಲ್ಲಿ ಅರ್ಥವಿಲ್ಲ. ರಾತ್ರಿಯ ನಕ್ಷತ್ರಗಳನ್ನು ಸೆರೆಹಿಡಿಯುವವರ ಅಗತ್ಯ ಬೇರೆ. ಅವರಿಗೆ ದೊಡ್ಡ ಅಪರ್ಚರ್‌ನ, ಅಗಲವಾದ ನೋಟ ಹಿಡಿಯುವ ವೈಡ್ ಲೆನ್ಸ್ ಬೇಕೇ ಬೇಕು.

ವಿಷಾದದ ಸಂಗತಿಯೆಂದರೆ, ಇಂತಹ ಭಾರದ ಲೆನ್ಸಿಗೆ ಜಾಗ ಮಾಡಲು ಮನೆಯಲ್ಲೇ ಉಳಿದುಹೋಗುವುದು ಟ್ರೈಪಾಡ್. ಮಲೆನಾಡಿನ ಮಳೆಗಾಲದ ಬೆಳಕು ಬಹಳ ಮಂದ. ಮರಗಳ ಅಡಿಯಲ್ಲಿ ಹರಿಯುವ ತೊರೆಯನ್ನು ಐಎಸ್‌ಒ 100ರಲ್ಲಿ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವನ್ನು ಕಡಿಮೆ ಇಟ್ಟು) ಎಫ್ 11ಕ್ಕೆ ತೆಗೆಯಹೊರಟರೆ ಶಟರ್ ವೇಗ ಎಷ್ಟೋ ಸಲ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಅಷ್ಟು ಹೊತ್ತು ಕ್ಯಾಮೆರಾ ಬೆಳಕಿಗೆ ತೆರೆದೇ ಇರುತ್ತದೆ. ನೀರು ನೂಲಿನಂತೆ ಕಾಣುವುದೂ ಆ ವೇಗದಲ್ಲೇ, ಕೈ ನಡುಗಿ ಚಿತ್ರ ಕೆಡುವುದೂ ಆ ವೇಗದಲ್ಲೇ. ಟ್ರೈಪಾಡ್‌ನ ಜೊತೆಗೆ ನಾನು ಒತ್ತಾಯಪೂರ್ವಕವಾಗಿ ಹೇಳುವ ಇನ್ನೊಂದು ವಸ್ತು ಪೋಲರೈಸರ್ ಫಿಲ್ಟರ್. ನೆನೆದ ಎಲೆಗಳ ಮೇಲೂ ಬಂಡೆಗಳ ಮೇಲೂ ಆಕಾಶದ ಬಿಳಿ ಹೊಳಪು ಕೂತು ಹಸಿರೆಲ್ಲ ಮಾಸಿದಂತೆ ಕಾಣುವಾಗ, ಈ ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಆ ಹೊಳಪು ಕರಗಿ ಎಲೆಯ ನಿಜವಾದ ಬಣ್ಣ ಎದ್ದು ಬರುತ್ತದೆ. ಬಣ್ಣ ಹೆಚ್ಚಿಸುವುದನ್ನು ಕಂಪ್ಯೂಟರಿನಲ್ಲಿ ಆಮೇಲೆಯೂ ಮಾಡಬಹುದು, ಆದರೆ ಪ್ರತಿಫಲನದ ಅಡಿಯಲ್ಲಿ ಮುಚ್ಚಿಹೋದದ್ದನ್ನು ಅಲ್ಲಿ ಮರಳಿ ಪಡೆಯಲಾಗದು. ಈ ಫಿಲ್ಟರ್ ಒಂದೂವರೆ ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಬೆಳಕನ್ನು ನುಂಗುವುದರಿಂದ, ನೆರಳಿನ ತೊರೆಗಳಿಗೆ ಬೆಳಕು ಕುಗ್ಗಿಸಲೆಂದೇ ಇರುವ ಬೇರೆ ಎನ್‌ಡಿ ಫಿಲ್ಟರ್ ಕೊಳ್ಳುವ ಅಗತ್ಯವೂ ಅನೇಕ ಸಲ ಬೀಳುವುದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿಗೆ ಜುಲೈನಲ್ಲಿ ಹೋಗುವವರ ಬ್ಯಾಗಿನಲ್ಲಿ ಮೂರನೆಯ ಲೆನ್ಸಿಗಿಂತ ನಾಲ್ಕು ಒಣ ಬಟ್ಟೆ, ಒಂದು ಗಟ್ಟಿ ಕೊಡೆ, ಕ್ಯಾಮೆರಾಕ್ಕೆ ಹೊದಿಸುವ ಪ್ಲಾಸ್ಟಿಕ್ ಹೊದಿಕೆ ಮತ್ತು ಇಂಬಳ ಹತ್ತಿದರೆ ಹಾಕಲು ಸ್ವಲ್ಪ ಉಪ್ಪು ಹೆಚ್ಚು ಕೆಲಸಕ್ಕೆ ಬರುತ್ತವೆ. ಆಗುಂಬೆಯ ಪ್ರಸಿದ್ಧ ಸೂರ್ಯಾಸ್ತವನ್ನು ನೋಡಬೇಕೆಂದು ಆ ತಿಂಗಳಲ್ಲಿ ಹೋದವರಿಗೆ ಮಂಜಲ್ಲದೆ ಬೇರೇನೂ ಕಾಣದಿರುವುದೇ ಹೆಚ್ಚು. ಅದಕ್ಕೆ ಮಳೆ ಕಳೆದ ಚಳಿಗಾಲದ ತಿಂಗಳುಗಳೇ ಸರಿ. ಎಸಿ ಕಾರಿನಿಂದ ತೆಗೆದ ತಣ್ಣನೆಯ ಲೆನ್ಸಿನ ಮೇಲೆ ಹೊರಗಿನ ತೇವ ಕೂಡಲೇ ಮಂಜಾಗಿ ಕೂರುತ್ತದೆ, ಆದ್ದರಿಂದ ಅದನ್ನು ಬ್ಯಾಗಿನೊಳಗೇ ಇಟ್ಟು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಬೇಕು. ಊರಿಗೆ ಮರಳಿದ ರಾತ್ರಿ ಒದ್ದೆ ಬ್ಯಾಗನ್ನು ಹಾಗೆಯೇ ಬೀರುವಿನಲ್ಲಿಟ್ಟರೆ ಲೆನ್ಸಿಗೆ ಬೂಸ್ಟು ಹಿಡಿಯುವ ಭಯವಿದ್ದು, ಎಲ್ಲವನ್ನೂ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಕ್ಷೇಮ.

ಯಾವ ಲೆನ್ಸ್ ಎಂಬ ಪ್ರಶ್ನೆಗೂ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ನಂದಿ ಬೆಟ್ಟದ ಮೇಲೆ ನಿಂತು ಮೋಡದ ಮೇಲೆ ತಲೆಯೆತ್ತಿದ ಗುಡ್ಡಗಳನ್ನು ಅತಿ ವೈಡ್ ಲೆನ್ಸಿನಿಂದ ತೆಗೆದರೆ ಅವು ಚುಕ್ಕೆಗಳಾಗಿ ಉಳಿಯುತ್ತವೆ. ಸಾಲು ಸಾಲಾಗಿ ನಿಂತ ಗುಡ್ಡಗಳನ್ನು ಹತ್ತಿರಕ್ಕೆ ತರಲು ಅಲ್ಲಿ 70–200 ಬೇಕು. ಹಂಪಿಯಲ್ಲಿ ನಸುಕಿನ ಕತ್ತಲಲ್ಲೇ ಮಾತಂಗ ಬೆಟ್ಟ ಹತ್ತಿದರೆ, ಪೂರ್ವಕ್ಕೆ ಮುಖಮಾಡಿದ ವಿರೂಪಾಕ್ಷ ಗೋಪುರದ ಮೇಲೆ ಬೀಳುವ ಮೊದಲ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಅಲ್ಲಿ ಸಾಧಾರಣ 24–105 ಲೆನ್ಸ್ ಒಂದೇ ಸಾಕು, ಆದರೆ ತಲೆಗೆ ಕಟ್ಟುವ ಟಾರ್ಚ್ ಮರೆತರೆ ಮೆಟ್ಟಿಲೇ ಕಾಣುವುದಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳೊಳಗೆ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕೆಂಬುದು ಅನೇಕರಿಗೆ ಗೊತ್ತಾಗುವುದು ಬಾಗಿಲಲ್ಲಿ ಕಾವಲುಗಾರರು ತಡೆದಾಗ. ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಾದರೂ ಟ್ರೈಪಾಡ್, ಡ್ರೋನ್ ಮತ್ತು ಕ್ಯಾಮೆರಾ ಶುಲ್ಕದ ನಿಯಮಗಳನ್ನು ಟಿಕೆಟ್ ಕೌಂಟರಿನ ಪಕ್ಕದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಹಾಕಿಸುವಂತೆ ಸಂಬಂಧಪಟ್ಟವರನ್ನು ಈ ಮೂಲಕ ಕೋರುತ್ತೇನೆ.

ವಿಮಾನದಲ್ಲಿ ಲಡಾಖಿನಂತಹ ದೂರದ ಊರಿಗೆ ಹೋಗುವವರು ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಲಗೇಜಿನಲ್ಲಿ ಅವಕ್ಕೆ ಅವಕಾಶವಿಲ್ಲ. ಚಳಿಯಲ್ಲಿ ಬ್ಯಾಟರಿ ಬೇಗ ಖಾಲಿಯಾಗುವುದರಿಂದ ಅವನ್ನು ಒಳ ಜೇಬಿನಲ್ಲಿ ಬೆಚ್ಚಗಿಡುವುದು ಒಳ್ಳೆಯದು.

ಬೆಂಗಳೂರಿನಲ್ಲಿ ಲೆನ್ಸು, ಟ್ರೈಪಾಡುಗಳು ದಿನದ ಬಾಡಿಗೆಗೆ ಸಿಗುತ್ತವೆ. ಸಾಲ ಮಾಡಿ ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು, ಲಾಲ್‌ಬಾಗಿನ ಬಂಡೆಯ ಮೇಲೋ ಸಾವನದುರ್ಗದ ತಪ್ಪಲಲ್ಲೋ ಹೊತ್ತು ನಡೆದು ನೋಡಿದರೆ, ಯಾವುದು ಕೈಗೆ ಒಗ್ಗುತ್ತದೆ, ಯಾವುದು ಬ್ಯಾಗಿನಿಂದ ಹೊರಗೇ ಬರುವುದಿಲ್ಲ ಎಂಬುದು ತಿಳಿಯುತ್ತದೆ.

ತಮ್ಮ ಪ್ರವಾಸ ಪುಟದಲ್ಲಿ ಪ್ರತಿ ಲೇಖನದ ಕೊನೆಗೆ ಊಟ, ವಸತಿ, ಬಸ್ಸಿನ ವಿವರ ಈಗಾಗಲೇ ಬರುತ್ತಿದೆ. ಅದರೊಡನೆ ಆ ಸ್ಥಳಕ್ಕೆ ಬೆಳಕು ಯಾವ ದಿಕ್ಕಿನಿಂದ ಯಾವ ಹೊತ್ತಿಗೆ ಬೀಳುತ್ತದೆ, ಎಷ್ಟು ದೂರ ನಡೆಯಬೇಕು, ಯಾವ ತಿಂಗಳು ಯೋಗ್ಯ, ಟ್ರೈಪಾಡಿಗೆ ಅನುಮತಿ ಬೇಕೇ ಎಂಬ ನಾಲ್ಕು ಸಾಲುಗಳನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ಹವ್ಯಾಸಿ ಛಾಯಾಗ್ರಾಹಕ, ಬಸವನಗುಡಿ, ಬೆಂಗಳೂರು